ಹಿಮದ ಶಾನುಭೋಗರು

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ, ಲಂಡನ್ನಿನ ಪಶ್ಚಿಮಕ್ಕಿರುವ ನಮ್ಮ ಪುಟ್ಟ ಪಟ್ಟಣದಲ್ಲಿ ಆಂಗ್ಲರೆಲ್ಲ ಅಂಗಿ ಕಳಚಿ ಉದ್ಯಾನದ ಹುಲ್ಲಿನ ಮೇಲೆ ಬಿದ್ದುಕೊಂಡು, ವರ್ಷಕ್ಕೊಮ್ಮೆ ದೊರೆಯುವ ಬಿಸಿಲನ್ನು ಹಪ್ಪಳದಂತೆ ಎರಡೂ ಮಗ್ಗುಲಿಗೆ ಹಿಡಿಸಿಕೊಳ್ಳುತ್ತಿರುವಾಗ, ಒಬ್ಬ ಮಹಾಶಯರು ಮಾತ್ರ ಮಹಡಿಯ ಮೂಲೆಯ ಕೋಣೆಯಲ್ಲಿ ಪರದೆ ಎಳೆದುಕೊಂಡು ಕುಳಿತು ಬರುವ ಜನವರಿಯ ಹಿಮದ ಜಮಾಖರ್ಚನ್ನು ಬರೆಯುತ್ತಿರುತ್ತಾರೆ. ಅವರ ನಿಜನಾಮಧೇಯವನ್ನು ಹೇಳುವುದು ಸಭ್ಯತೆಯಲ್ಲ. ಇಲ್ಲಿಯ ಕನ್ನಡಿಗರೆಲ್ಲ ಅವರನ್ನು ಶಾನುಭೋಗರೆಂದೇ ಕರೆಯುವ ವಾಡಿಕೆ. ಅವರ ತಾತ ಹಾಸನದ ಕಡೆಯ ಒಂದು ಹೋಬಳಿಯಲ್ಲಿ ನಿಜವಾಗಿಯೇ ಶಾನುಭೋಗಿಕೆ ಮಾಡಿದವರು. ಶಾನುಭೋಗಿಕೆ ಹೋಯಿತು, ಹೋಬಳಿ ದೂರವಾಯಿತು, ಮೊಮ್ಮಗ ಕಂಪ್ಯೂಟರಿನ ಉದ್ಯೋಗ ಹಿಡಿದು ಸಮುದ್ರವನ್ನೂ ದಾಟಿದರು. ಕಡತ ಮಾತ್ರ ರಕ್ತದಲ್ಲಿ ಉಳಿದುಬಂದಿದೆ. ಜೂರಿಕ್ಕು, ಮ್ಯೂನಿಕ್ಕು ಮೊದಲಾಗಿ ನಮ್ಮವರು ನೆಲೆಸಿರುವ ಊರುಗಳಲ್ಲೆಲ್ಲ ಈ ಜಾತಿಯವರು ತಲಾ ಒಬ್ಬರಾದರೂ ಇದ್ದಾರೆಂದು ಕೇಳಿ ಬಲ್ಲೆ. ಆದರೆ ಅನುಭವಿಸಿ ಬಲ್ಲದ್ದು ಈ ಒಬ್ಬರನ್ನು.

ಸ್ಕೀ ಪ್ರವಾಸವೆಂಬುದು ಅವರಿಗೆ ವಿಹಾರವೆನ್ನುವುದಕ್ಕಿಂತ ಒಂದು ಮುಹೂರ್ತಶಾಸ್ತ್ರವೆಂದರೆ ಸರಿಯಾದೀತು. ಫೆಬ್ರವರಿಯ ನಡುವೆ ಇಂಗ್ಲೆಂಡಿನ ಶಾಲೆಗಳಿಗೆ ಒಂದು ವಾರ ರಜ. ಫ್ರಾನ್ಸಿನವರೋ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಚಳಿಗಾಲದ ರಜವನ್ನು ಸರದಿಯ ಮೇಲೆ ಹಂಚುತ್ತಾರೆ. ಆ ದಿನಗಳಲ್ಲಿ ವಿಮಾನದಿಂದ ಹಿಡಿದು ಹಾಸಿಗೆಯವರೆಗೆ ಎಲ್ಲದರ ಬೆಲೆಯೂ ಬೆಟ್ಟವನ್ನೇ ಏರಿ ಕುಳಿತಿರುತ್ತದೆ. ಶಾನುಭೋಗರ ಪಂಚಾಂಗದಲ್ಲಿ ಅವೆಲ್ಲ ರಾಹುಕಾಲ. ಹೊಸವರ್ಷದ ಗದ್ದಲ ಅಡಗಿದ ಮೇಲೆ ಬರುವ ಜನವರಿಯ ಎರಡನೆಯ, ಮೂರನೆಯ ವಾರಗಳು ಅಮೃತಘಳಿಗೆ. ಸ್ಥಳನಿರ್ಣಯದಲ್ಲಿಯೂ ಅಷ್ಟೇ ನಿಷ್ಠೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ ಅವರ ಮತದಲ್ಲಿ ನೋಡುವ ದೇವರು, ಮುಟ್ಟುವ ದೇವರಲ್ಲ. ಒಮ್ಮೆ ಅಗ್ಗಕ್ಕೆ ಮನಸೋತು ತಗ್ಗಿನಲ್ಲಿದ್ದ ಒಂದೂರಿಗೆ ಹೋಗಿ, ಇಡೀ ವಾರ ಹಸುರು ಹುಲ್ಲನ್ನೂ ಕೆಸರನ್ನೂ ನೋಡಿಕೊಂಡು ಬಂದದ್ದುಂಟು. ಅಂದಿನಿಂದ ಕಡತದಲ್ಲಿ ಬೆಲೆಯ ಪಕ್ಕದಲ್ಲೇ ಎತ್ತರಕ್ಕೂ ಒಂದು ಅಂಕಣ ಬಿದ್ದಿದೆ. ಹೀಗೆ ಶೋಧಿಸುತ್ತ ಅವರು ಕೊನೆಗೆ ತಲುಪಿದ್ದು ಬಲ್ಗೇರಿಯದ ಪಿರಿನ್ ಪರ್ವತದ ತಪ್ಪಲಿನ ಬಾನ್ಸ್ಕೊ ಎಂಬ ಪಟ್ಟಣವನ್ನು. ಎರಡೂವರೆ ಸಾವಿರ ಮೀಟರು ಮೀರಿದ ಇಳಿಜಾರುಗಳು, ಆಲ್ಪ್ಸ್‌ನಲ್ಲಿ ತೆರುವುದಕ್ಕಿಂತ ಎಷ್ಟೋ ಕಡಿಮೆ ಖರ್ಚು. ಸಾಲದ್ದಕ್ಕೆ ಅಂದು ಅಲ್ಲಿ ಚಲಾವಣೆಯಲ್ಲಿದ್ದ ಲೆವ್ ಎಂಬ ನಾಣ್ಯ ಯೂರೋಗೆ 1.95583ರ ದರದಲ್ಲಿ ಕಟ್ಟುಬಿದ್ದಿತ್ತು. ಆ ಐದು ದಶಮಾಂಶಗಳನ್ನು ಅವರು ಸಂಧ್ಯಾವಂದನೆಯ ಮಂತ್ರದಂತೆ ಉಚ್ಚರಿಸುತ್ತಿದ್ದರು. 2026ರ ಜನವರಿ 1ರಂದು ಲೆವ್ ಕಾಲವಾಗಿ ಯೂರೋ ಬಂದಾಗ ಅವರು ಹತ್ತಿರದ ನೆಂಟರೊಬ್ಬರು ತೀರಿಕೊಂಡವರಂತೆ ಮೂರು ದಿನ ಮಂಕಾಗಿದ್ದರೆಂದು ಅವರ ಮನೆಯವರೇ ಹೇಳಿದರು.

ಅವರಿಗೆ ಆದಿಗುರುಗಳೂ ಇದ್ದಾರೆ. 1864ರಲ್ಲಿ ಸೇಂಟ್ ಮೊರಿಟ್ಸಿನ ಹೋಟೆಲಿನ ಯಜಮಾನ ಯೊಹಾನೆಸ್ ಬಾದ್ರುಟ್ ಎಂಬಾತ, ಬೇಸಗೆಯ ಅತಿಥಿಗಳಾಗಿದ್ದ ನಾಲ್ವರು ಆಂಗ್ಲರಿಗೆ ಚಳಿಗಾಲದಲ್ಲಿಯೂ ಬರಬೇಕೆಂದೂ, ಹಿತವಾಗದಿದ್ದರೆ ದಾರಿಖರ್ಚು ತನ್ನದೆಂದೂ ಪಂಥ ಕಟ್ಟಿದನಂತೆ. ಬಂದವರು ಈಸ್ಟರ್ ಹಬ್ಬದವರೆಗೂ ಕದಲಲಿಲ್ಲವಂತೆ. ಆಲ್ಪ್ಸ್ ಪರ್ವತದ ಚಳಿಗಾಲದ ವಿಹಾರಕ್ಕೆ ಇದೇ ನಾಂದಿಯೆಂದು ಹೇಳುವುದುಂಟು. ಈ ಕತೆಯನ್ನು ಕೇಳಿದ ಇತರರು ಬಾದ್ರುಟ್ಟನ ಜಾಣ್ಮೆಯನ್ನು ಕೊಂಡಾಡಿದರೆ, ಶಾನುಭೋಗರು ಆ ನಾಲ್ವರಿಗೆ ಕೈಮುಗಿಯುತ್ತಾರೆ. ಷೆರ್ಲಾಕ್ ಹೋಮ್ಸನ ಕರ್ತೃ ಕಾನನ್ ಡಾಯ್ಲ್ 1894ರಲ್ಲಿ ದಾವೋಸಿನಿಂದ ಅರೋಸಕ್ಕೆ ಸ್ಕೀಗಳ ಮೇಲೆ ಕಣಿವೆ ದಾಟಿ, ಜಾರುವ ಭರದಲ್ಲಿ ತನ್ನ ಉಣ್ಣೆಯ ಷರಾಯಿ ಸವೆದ ಬಗೆಯನ್ನು ವಿನೋದವಾಗಿ ಬರೆದಿದ್ದಾನೆ. ಶಾನುಭೋಗರು ಅದರಲ್ಲಿ ವಿನೋದವನ್ನು ಕಾಣರು. ಹಿಮದ ಮೇಲೆ ಬೆಲೆಯುಳ್ಳ ಬಟ್ಟೆ ತೊಡಲಾಗದೆಂಬ ಆಚಾರ್ಯವಾಕ್ಯವನ್ನು ಕಾಣುತ್ತಾರೆ. ಆ ವಾಕ್ಯಕ್ಕೆ ತಲೆಬಾಗಿ, ಆಲ್ಡಿ ಅಂಗಡಿಯವರು ವರ್ಷಕ್ಕೊಮ್ಮೆ ಸ್ಕೀ ಉಡುಪನ್ನು ಅಗ್ಗವಾಗಿ ಮಾರಾಟಕ್ಕಿಡುವ ಬೆಳಿಗ್ಗೆ, ಬಾಗಿಲು ತೆರೆಯುವ ಮುನ್ನವೇ ಹೊಸ್ತಿಲ ಬಳಿ ನಿಂತಿರುತ್ತಾರೆ.

ಇಷ್ಟೆಲ್ಲ ತಿಳಿದೂ ನಾನೇಕೆ ಅವರ ಜೊತೆ ಬಾನ್ಸ್ಕೊಗೆ ಹೊರಟೆನೆಂದು ವಾಚಕರು ಕೇಳಬಹುದು. ಅಗ್ಗವಾಗಿತ್ತು. ಮಾತನ್ನು ಬೆಳೆಸುವುದು ಬೇಡ.

ಹೊರಟ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ವಿಮಾನ ನಿಲ್ದಾಣದಲ್ಲಿ ಅವರನ್ನು ಕಂಡಾಗ, ಜಾತ್ರೆಯಿಂದ ತಪ್ಪಿಸಿಕೊಂಡ ಗಾರುಡಿಗೊಂಬೆಯೊಂದು ನಡೆದುಬರುತ್ತಿದೆಯೆಂದೇ ಭ್ರಮಿಸಿದೆ. ಅಗ್ಗದ ವಿಮಾನದಲ್ಲಿ ಪೆಟ್ಟಿಗೆಗೆ ಬೇರೆ ಶುಲ್ಕ. “ದೇಹಕ್ಕೆ ಶುಲ್ಕ ಇಲ್ಲವಲ್ಲ ಸ್ವಾಮಿ!” ಎಂಬುದು ಅವರ ಸಿದ್ಧಾಂತವಾದ್ದರಿಂದ, ಮೂರು ಜೊತೆ ಕಾಲುಚೀಲ, ಎರಡು ಒಳಷರಾಯಿ, ಅದರ ಮೇಲೆ ಹತ್ತಿ ತುಂಬಿದ ಸ್ಕೀ ಷರಾಯಿ, ಎರಡು ಜಾಕೀಟು ಇಷ್ಟನ್ನೂ ಮೈಮೇಲೆ ಧರಿಸಿ, ಕೊರಳಿಗೆ ಶಿರಸ್ತ್ರಾಣವನ್ನು ತೂಗುಹಾಕಿಕೊಂಡು, ಜೇಬುಗಳಲ್ಲಿ ಸಾರಿನಪುಡಿ, ಚಟ್ನಿಪುಡಿ, ರವೆಯ ಪೊಟ್ಟಣಗಳನ್ನು ತುಂಬಿಕೊಂಡಿದ್ದರು. ಅವರ ಆಜ್ಞೆಯಂತೆ ಅವರ ಮನೆಯವರೂ ನಾನೂ ನನ್ನ ಹೆಂಡತಿಯೂ ಅದೇ ವೇಷದಲ್ಲಿದ್ದೆವೆಂಬುದನ್ನು ಮರೆಮಾಚಲಾರೆ. ತಪಾಸಣೆಯ ಕಟ್ಟೆಯಲ್ಲಿ ನಮ್ಮನ್ನು ಈರುಳ್ಳಿಯಂತೆ ಸುಲಿಯುವುದಕ್ಕೆ ಹಿಡಿದ ಕಾಲದಲ್ಲಿ ಹಿಂದಿನ ಸಾಲು ಬೇರೆ ಕಟ್ಟೆಗೆ ವಲಸೆ ಹೋಯಿತು.

ಆಮೇಲೆ ಗೊಜ್ಜಿನ ಪ್ರಕರಣ. ದ್ರವಪದಾರ್ಥ ನೂರು ಮಿಲಿಲೀಟರಿಗೆ ಮೀರದ ಸೀಸೆಗಳಲ್ಲಿರಬೇಕು, ಆ ಸೀಸೆಗಳೆಲ್ಲ ತಲೆಗೊಂದರಂತೆ ಲೀಟರಿನ ಪಾರದರ್ಶಕ ಚೀಲದೊಳಗಿರಬೇಕು ಎಂದು ಆ ನಿಲ್ದಾಣದಲ್ಲಿ ಅಂದಿದ್ದ ನಿಯಮವನ್ನು ಶಾನುಭೋಗರು ಭಾಷ್ಯಸಮೇತ ಬಲ್ಲವರಾಗಿದ್ದರು. ಆದಕಾರಣ ಮನೆಯಲ್ಲಿ ಕುದಿಸಿದ ಪುಳಿಯೋಗರೆ ಗೊಜ್ಜನ್ನು, ವರ್ಷಗಳಿಂದ ಹೋಟೆಲುಗಳಲ್ಲಿ ಸಂಗ್ರಹಿಸಿ ತೊಳೆದಿಟ್ಟಿದ್ದ ಶಾಂಪೂ ಸೀಸೆಗಳಿಗೆ ತುಂಬಿ, ನಾಲ್ವರ ಚೀಲಗಳಿಗೂ ಸಮಪಾಲಾಗಿ ಹಂಚಿದ್ದರು. ಚೀಟಿಗಳನ್ನು ಕೀಳುವಷ್ಟು ವ್ಯವಧಾನ ಇರಲಿಲ್ಲವೆಂದು ತೋರುತ್ತದೆ. ಅಧಿಕಾರಿಣಿಯೊಬ್ಬಳು ‘ಒಣಕೂದಲಿಗೆ’ ಎಂದಿದ್ದ ಸೀಸೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಬಿರಡೆ ತೆಗೆದು ಮೂಸಿ, ಹುಣಿಸೆ ಇಂಗುಗಳ ಘಾಟಿಗೆ ಎರಡು ಹೆಜ್ಜೆ ಹಿಂದೆ ಸರಿದು, ಇದನ್ನು ತಲೆಗೆ ಹಚ್ಚಿಕೊಳ್ಳುತ್ತೀರಾ ಎಂದು ಕೇಳಿದಳು. “ಇಲ್ಲ ತಾಯಿ, ಅನ್ನಕ್ಕೆ” ಎಂದು ಶಾನುಭೋಗರು ಪರಮ ವಿನಯದಿಂದ ಇಂಗ್ಲಿಷಿನಲ್ಲಿ ನಿವೇದಿಸಿದರು. ಗೊಜ್ಜು ಪಾರಾಯಿತು. ನನ್ನ ಹೆಂಡತಿ ಯಾರ ಸಲಹೆಯನ್ನೂ ಕೇಳದೆ ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿಯ ದೊಡ್ಡ ಭರಣಿ ಜಪ್ತಿಯಾಯಿತು. ತುಪ್ಪದ ಮಾತನ್ನಂತೂ ಅಕ್ಟೋಬರಿನಲ್ಲಿಯೇ ತೀರ್ಮಾನಿಸಿದ್ದರು: 2021ರಿಂದ ಈಚೆಗೆ ಬ್ರಿಟನ್ನಿನಿಂದ ಹೋಗುವ ಪ್ರಯಾಣಿಕರ ಹಾಲಿನ ಪದಾರ್ಥ ಐರೋಪ್ಯ ಒಕ್ಕೂಟದ ಗಡಿ ದಾಟುವಂತಿಲ್ಲ. ತುಪ್ಪವಿಲ್ಲದ ಸಾರನ್ನ ಉಣ್ಣುವಾಗ ಐರೋಪ್ಯ ರಾಜಕಾರಣವು ಗಂಟಲಿಗೆ ತಾಕಿದಷ್ಟು ಸ್ಪಷ್ಟವಾಗಿ ಯಾವ ವೃತ್ತಪತ್ರಿಕೆಯಿಂದಲೂ ನನಗೆ ತಾಕಿರಲಿಲ್ಲ.

ವಿಮಾನವಿಳಿದ ಸೋಫಿಯಾದಿಂದ ಬಾನ್ಸ್ಕೊಗೆ ಸುಮಾರು 160 ಕಿಲೋಮೀಟರು. ಸೆಪ್ಟೆಂವ್ರಿ ಎಂಬ ಊರಿನವರೆಗೆ ದೊಡ್ಡ ರೈಲಿನಲ್ಲಿ ಹೋಗಿ ಅಲ್ಲಿಂದ ಐದು ಗಂಟೆ ಕಾಲ ಪುಟ್ಟ ಹಳಿಯ ರೈಲಿನಲ್ಲಿ ಬೆಟ್ಟ ಸುತ್ತಿದರೆ ಇನ್ನೂ ಅಗ್ಗವೆಂಬ ಅವರ ಸೂಚನೆಯನ್ನು ಸ್ತ್ರೀಪಕ್ಷ ಒಕ್ಕೊರಲಿನಿಂದ ತಳ್ಳಿಹಾಕಿದ್ದರಿಂದ, ಹಂಚಿಕೆಯ ವ್ಯಾನಿನಲ್ಲಿ ಹೋದೆವು. ವಸತಿ ಚೆನ್ನಾಗಿಯೇ ಇತ್ತು. ಆದರೆ ಬೆಟ್ಟಕ್ಕೆ ಒಯ್ಯುವ ಗೊಂಡೊಲದ ನಿಲ್ದಾಣ ಅಲ್ಲಿಂದ ಎರಡೂವರೆ ಕಿಲೋಮೀಟರು ದೂರ. ಬಾಡಿಗೆ ಅರ್ಧಕ್ಕಿಳಿದ ರಹಸ್ಯ ಅದು.

ಸ್ಕೀ ಬೂಟನ್ನು ತೊಡದವರಿಗೆ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಅದು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಸೆರೆಮನೆ; ಒಳಹೊಕ್ಕ ಪಾದವು ಗೆಣ್ಣಿನಲ್ಲಿ ಬಾಗಬೇಕೆಂಬ ಪ್ರಾಚೀನ ಹಕ್ಕನ್ನು ಕಳೆದುಕೊಳ್ಳುತ್ತದೆ. ಅದನ್ನು ತೊಟ್ಟು, ಹೆಗಲ ಮೇಲೆ ಸ್ಕೀಗಳನ್ನು ನೊಗದಂತೆ ಹೊತ್ತು, ಮಂಜುಗಟ್ಟಿದ ಕಲ್ಲುಹಾಸಿನ ಓಣಿಗಳಲ್ಲಿ ಬೆಳಿಗ್ಗೆ ಏಳು ಗಂಟೆಯ ಕತ್ತಲೆಬೆಳಕಿನಲ್ಲಿ ನಡೆಯಬೇಕಾಗಿತ್ತು. ಎಂಟೂವರೆಗೆ ಬಂದರೆ ಸಾಲು ಬೆಳೆದು ಒಂದು ಗಂಟೆ ವ್ಯರ್ಥ. ವ್ಯರ್ಥವಾದ ಗಂಟೆಗೆ ಪಾಸಿನ ದುಡ್ಡಿನಲ್ಲಿ ಇಷ್ಟು ನಷ್ಟವೆಂದು ಶಾನುಭೋಗರು ಹಿಂದಿನ ರಾತ್ರಿಯೇ ಗುಣಿಸಿ ತೋರಿಸಿದ್ದರು. ಮೂರನೆಯ ದಿನ, ಹಳೆಯ ಪೇಟೆಯಲ್ಲಿ 1835ರಲ್ಲಿ ಕಟ್ಟಿದ ಪವಿತ್ರ ತ್ರಿತ್ವದ ಇಗರ್ಜಿಯನ್ನು ನೋಡಲೆಂದು ನಾನು ಥಟ್ಟನೆ ತಿರುಗಿದಾಗ, ನನ್ನ ಸ್ಕೀಗಳ ಹಿಂತುದಿಯೂ ನನ್ನೊಡನೆ ತಿರುಗಿ ಒಬ್ಬ ಅಜ್ಜಿಯ ಕೈಯಲ್ಲಿದ್ದ ರೊಟ್ಟಿಯ ಚೀಲವನ್ನು ಹಿಮದ ಪಾಲು ಮಾಡಿತು. ಆಕೆ ಬಲ್ಗೇರಿಯದ ಭಾಷೆಯಲ್ಲಿ ಆಡಿದ ಮಾತಿಗೆ ಅನುವಾದ ಬೇಕಾಗಲಿಲ್ಲ. ರೊಟ್ಟಿಯ ಬೆಲೆಯನ್ನು ನಾನು ಕೊಟ್ಟೆ. ಶಾನುಭೋಗರು ಅಲ್ಲೇ ನಿಂತು ಅದನ್ನು ‘ಆಕಸ್ಮಿಕ’ದ ಕೆಳಗೆ ಬರೆದುಕೊಂಡರು.

ಲಿಫ್ಟ್ ಪಾಸಿನ ಬೆಲೆಯನ್ನು ಇಳಿತಗಳ ಸಂಖ್ಯೆಯಿಂದ ಭಾಗಿಸುವುದು ಅವರ ಸಾಯಂಕಾಲದ ಅನುಷ್ಠಾನ. ಹೊಸದಾಗಿ ಕಲಿಯುವವರಿಗೆ ಅಗ್ಗದ ಚೀಟಿ ಸಾಕೆಂದು ನನಗೆ ಅವರು ಸಾರಿಸಾರಿ ಹೇಳಿದ್ದರು. ನನ್ನ ಅಭಿಮಾನ ಕೇಳದೆ ಪೂರ್ಣ ಪಾಸನ್ನೇ ಕೊಂಡಿದ್ದೆ. ಮೊದಲನೆಯ ದಿನ ಎರಡು ಸಲ ಇಳಿದೆ, ಎರಡರಲ್ಲಿಯೂ ಬಹುಭಾಗ ಬೆನ್ನಿನ ಮೇಲೆ. “ತಮ್ಮ ಇವತ್ತಿನ ಇಳಿತ ಒಂದೊಂದಕ್ಕೂ ಇಬ್ಬರ ಊಟದ ಬೆಲೆ ಬಿತ್ತು ಸ್ವಾಮಿ” ಎಂದು ಅವರು ಕನಿಕರದಿಂದಲೇ ಹೇಳಿದರು. ಆ ಕನಿಕರವನ್ನು ಸಹಿಸುವುದು ಬೆನ್ನಿನ ನೋವಿಗಿಂತ ಕಷ್ಟವಾಯಿತು. ಕಾಲವ್ಯಯವಾಗಬಾರದೆಂದು ಮಧ್ಯಾಹ್ನದ ಊಟ ಕುರ್ಚಿಲಿಫ್ಟಿನ ಮೇಲೆಯೇ: ಚಟ್ನಿಪುಡಿ ಎಣ್ಣೆ ಸವರಿ ಸುರುಳಿ ಸುತ್ತಿದ ಚಪಾತಿ, ಅಷ್ಟು ಹೊತ್ತಿಗೆ ಜೇಬಿನಲ್ಲಿ ಸೌದೆಯಂತಾಗಿರುತ್ತಿತ್ತು. ಅದನ್ನು ಮುರಿಯಲೆಂದು ಗವಸು ಕಳಚಿದಾಗ, ಎಡಗೈಯದು ಜಾರಿ, ತೇಲಿ, ಕೆಳಗೆ ಪೈನ್ ಮರವೊಂದರ ತುದಿಯಲ್ಲಿ ಹಕ್ಕಿಯಂತೆ ಹೋಗಿ ಕುಳಿತಿತು. ಗವಸು ಶಾನುಭೋಗರಿಂದ ಎರವಲು ಪಡೆದದ್ದು. ಆಮೇಲೆ ಆ ಲಿಫ್ಟಿನಲ್ಲಿ ಏರಿದಾಗಲೆಲ್ಲ ಇಬ್ಬರೂ ಮೌನವಾಗಿ ಅದರ ದರ್ಶನ ಮಾಡುತ್ತಿದ್ದೆವು.

ಇಂಥವರು ವಿಮೆಯ ಮಾತು ಬಂದಾಗ ಮಾತ್ರ ಒಂದು ಕಾಸಿಗೂ ಚೌಕಾಸಿ ಮಾಡಲಿಲ್ಲ. ಬ್ರಿಟನ್ನಿನ ಆರೋಗ್ಯದ ಚೀಟಿ ಸರಕಾರಿ ಆಸ್ಪತ್ರೆಯ ಚಿಕಿತ್ಸೆಗೆ ನಡೆಯುತ್ತದೆ, ಬೆಟ್ಟದ ಮೇಲಿಂದ ಎತ್ತಿ ತರುವ ಖರ್ಚನ್ನು ಕೊಡುವುದಿಲ್ಲವೆಂದು ವಿವರಿಸಿ, ಹಿಮಕ್ರೀಡೆಯನ್ನೂ ರಕ್ಷಣಾಕಾರ್ಯವನ್ನೂ ಒಳಗೊಂಡ ವಿಮೆಯನ್ನು ನಮ್ಮೆಲ್ಲರಿಂದಲೂ ಬಲವಂತವಾಗಿ ಮಾಡಿಸಿದ್ದರು. ಶಿರಸ್ತ್ರಾಣ ಹಳೆಯದು ಕೂಡದು. ನನಗೆ ಒಬ್ಬ ಶಿಕ್ಷಕನನ್ನು ಗೊತ್ತುಮಾಡಿದವರೂ ಅವರೇ. ನಾನು ಅಲ್ಲಿ ಉಳಿಸೋಣವೆಂದಾಗ ಗದರಿಸಿದರು.

ಹೊರಡುವ ಹಿಂದಿನ ಸಂಜೆ ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಮೇಜಿನ ಮೇಲಿದ್ದ ಕಡತವನ್ನು ನಾನು ಸುಮ್ಮನೆ ಹಿಂದಕ್ಕೆ ಮಗುಚುತ್ತ ಹೋಗಿ ಮೊದಲನೆಯ ಪುಟವನ್ನು ತಲುಪಿದೆ. ಮಾಸಿದ ನೀಲಿ ಮಸಿ. ಅವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲದ ಬರಹವಂತೆ. ಕಛೇರಿಯ ಜೊತೆಗಾರರೆಲ್ಲ ಕನ್ನಡಕದ ಗುರುತು ಬಿಟ್ಟು ಉಳಿದ ಮುಖವೆಲ್ಲ ಕಂದಿ, ನಗುನಗುತ್ತ ಆಲ್ಪ್ಸಿನಿಂದ ಹಿಂದಿರುಗಿದ ದಿನ, ಬಾಡಿಗೆಯ ಕೋಣೆಯಲ್ಲಿ ಕುಳಿತು ಒಂದು ವಾರದ ಖರ್ಚನ್ನು ಕೂಡಿಸಿದ್ದರು. ಎಡಗಡೆ ಆ ಮೊತ್ತ. ಬಲಗಡೆ ಊರಿಗೆ ಕಳಿಸಬೇಕಾದದ್ದು, ತಂಗಿಯ ಓದಿನದು, ತಂದೆಯ ಔಷಧದ್ದು. ಕೆಳಗೆ ‘ಇಲ್ಲ’ ಎಂದು ಒಂದೇ ಮಾತು. ಮರುವರ್ಷದ ಪುಟದಲ್ಲಿಯೂ ‘ಇಲ್ಲ’. ಹೀಗೆ ಆರು ಪುಟಗಳು. ಏಳನೆಯದರಲ್ಲಿ ಬಲಗಡೆಯ ಸಾಲುಗಳು ಎರಡು ಕಡಿಮೆಯಾಗಿದ್ದುವು. ತಂದೆಯ ಔಷಧದ ಸಾಲು ಅಲ್ಲಿರಲಿಲ್ಲ. ಕೆಳಗೆ ‘ಅಂಡೋರಾ’ ಎಂದಿತ್ತು.

ಸೌಟು ಹಿಡಿದುಕೊಂಡೇ ಹಿಂದೆ ಬಂದು ನಿಂತಿದ್ದ ಅವರು, “ಆಗ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ” ಎಂದಷ್ಟೇ ಹೇಳಿ ಕಡತವನ್ನು ಮೆಲ್ಲಗೆ ಮುಚ್ಚಿದರು. ಕಿಟಕಿಯಾಚೆ 2,914 ಮೀಟರಿನ ವಿಹ್ರೆನ್ ಶಿಖರದ ತುದಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು. ತಾವು ನಿಂತ ಹಿಮದ ಮೇಲೆ ತಮಗೂ ಸ್ಥಳವುಂಟೆಂಬುದು ಈ ಮನುಷ್ಯರಿಗೆ ಪೈಸೆಪೈಸೆಯ ರುಜುವಾತಿಲ್ಲದೆ ನಂಬಿಕೆಯಾಗದೇನೋ ಎಂದು ನನಗೆ ಆ ಕ್ಷಣದಲ್ಲಿ ತೋರಿತು. ಹುಟ್ಟಿನಿಂದಲೇ ಹಿಮವನ್ನು ಕಂಡವರು ಕೇಳದ ಒಂದು ಪ್ರಶ್ನೆಗೆ ಅವರು ಪ್ರತಿವರ್ಷವೂ ಉತ್ತರ ಬರೆದುಕೊಳ್ಳುತ್ತಿದ್ದರು. ಇದನ್ನು ಬರೆಯುತ್ತ ನಾನೇ ಅವರ ಪಕ್ಷ ವಹಿಸುತ್ತಿರುವಂತೆ ಕಾಣುತ್ತದೆ. ಆ ಬೂಟುಗಳ ಎರಡೂವರೆ ಕಿಲೋಮೀಟರನ್ನು ನಾನು ಮರೆತಿಲ್ಲ.

ಹಿಂದಿರುಗಿದ ಎರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಜಡಿಮಳೆಯಲ್ಲಿ ಕದ ತಟ್ಟಿದ ಸದ್ದಾಯಿತು. ಶಾನುಭೋಗರು. ಅಂಚೆಚೀಟಿಯನ್ನು ಉಳಿಸಲು ಮೂರು ಮೈಲಿ ನಡೆದು ಬಂದಿದ್ದರು. ಜಾಕೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಜೇಬಿನಿಂದ ತೆಗೆದ ಲಕೋಟೆಯಲ್ಲಿ ಲೆಕ್ಕದ ಪ್ರತಿಯೂ, ಉಳಿತಾಯದಲ್ಲಿ ನನ್ನ ಪಾಲಿನ 2 ಪೌಂಡು 35 ಪೆನ್ನಿಯೂ ಇದ್ದುವು. ಸಾಲುಗಳ ಮೇಲೆ ಕಣ್ಣಾಡಿಸಿದೆ: ‘ರೊಟ್ಟಿ, ಆಕಸ್ಮಿಕ’, ‘ಉಪ್ಪಿನಕಾಯಿ, ಜಪ್ತಿ, ಸ್ವಂತ ಹೊಣೆ’, ‘ತಮ್ಮ ಪತನ 41, ವೆಚ್ಚವಿಲ್ಲ’, ‘ಗವಸು, ಎಡ, ಜೊತೆಯ ಬೆಲೆಯಲ್ಲಿ ಅರ್ಧ’. ಬಲಗೈಯದನ್ನು ನಾನೇ ಇಟ್ಟುಕೊಳ್ಳಬಹುದೇ ಎಂದೆ. ಇನ್ನೊಬ್ಬರು ಎಡಗೈಯದನ್ನು ಉಳಿಸಿಕೊಂಡು ಬರುವವರೆಗೆ ಅದು ತಮ್ಮಲ್ಲಿಯೇ ಇರಲೆಂದರು. ನನ್ನ ಹೆಂಡತಿ ಕಾಫಿ ತಂದುಕೊಟ್ಟಳು. “ಮುಟ್ಟಿದ್ದಕ್ಕೆ ಇಲ್ಲೊಂದು ರುಜು ಹಾಕಿಬಿಡಿ ಸ್ವಾಮಿ” ಎಂದು ಅವರು ಚಾಚಿದ ಲೇಖನಿಯ ಮೇಲೆ, ಬಾನ್ಸ್ಕೊದಲ್ಲಿ ನಾವು ಬೂಟು ಬಾಡಿಗೆಗೆ ಪಡೆದಿದ್ದ ಅಂಗಡಿಯ ಹೆಸರಿತ್ತು.