ಗೇಟಿನಿಂದ ಗಾದಿಗೆ: ಮಲಪ್ರಭಾ ದಂಡೆಯ ಮಾಹಿತಿಶಾಸ್ತ್ರ

ಹಾರ್ವರ್ಡಿನ ರಾಬರ್ಟ್ ಆಂಥೊನಿ ಎಂಬ ಪಂಡಿತರು 1965ರಲ್ಲಿ ಒಂದು ಪುಸ್ತಕ ಬರೆದು, ಸಂಸ್ಥೆ ಯಾವುದಾದರೂ ಅದರ ಆಡಳಿತ ಮೂರು ಅಂತಸ್ತಿನದು ಎಂದು ಸಾರಿದರು: ಮೇಲೆ ದೂರದ ಯೋಚನೆ, ನಡುವೆ ಹಿಡಿತ, ಕೆಳಗೆ ದಿನದ ದುಡಿತ. ಒಂದೊಂದು ಅಂತಸ್ತಿಗೂ ಒಂದೊಂದು ಬಗೆಯ ಮಾಹಿತಿ ಬೇಕೆಂಬ ಶಾಸ್ತ್ರ ಇದರ ಬೆನ್ನಿಗೇ ಬೆಳೆಯಿತು. ಅದನ್ನು ತ್ರಿಕೋನವಾಗಿ ಗೀಚಿ ಎಷ್ಟೋ ತಲೆಮಾರಿನ ಬಿ.ಕಾಂ. ಹುಡುಗರು ಐದು ಮಾರ್ಕ್ಸ್ ಗಿಟ್ಟಿಸಿದ್ದಾರೆ. ಈ ಮಹಾಶಾಸ್ತ್ರದಲ್ಲಿ ಬೈಲಹೊಂಗಲದ ದಲಾಲಿ ಅಂಗಡಿಗಳ ಪ್ರಸ್ತಾಪವೇ ಇಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಸಂಶೋಧನೆಯ ಘನ ಉದ್ದೇಶ.

ದಲಾಲಿ ಅಂಗಡಿಯ ಗಾದಿಯ ಮೇಲೆ ತ್ರಿಕೋನ ಆಗಲೇ ಇತ್ತು, ಕೆಂಪು ಬಟ್ಟೆಯ ರಟ್ಟು ಹಾಕಿಕೊಂಡು. ಬಂದ ಹತ್ತಿ, ಹೋದ ರೊಕ್ಕ ಅಂದಂದೇ ಏರುವುದು ರೋಜಕೀರ್ದಿಗೆ. ಯಾರ ಬಾಕಿ ಎಷ್ಟು ಎಂದು ಹೆಸರುವಾರು ಒಡೆದು ಬರೆಯುವುದು ಖತಾವಣಿಗೆ. ವರ್ಷದ ಕೊನೆಗೆ ಅಂಗಡಿ ಉಳಿಯಿತೋ ಅಳಿಯಿತೋ ಎಂದು ಹೇಳುವುದು ಅಢಾವೆ. ಮೊದಲನೆಯದನ್ನು ಗುಮಾಸ್ತ ಬರೆಯುತ್ತಾನೆ, ಎರಡನೆಯದನ್ನು ಹಿರಿಯ ಗುಮಾಸ್ತ ನೋಡುತ್ತಾನೆ, ಮೂರನೆಯದನ್ನು ನೋಡಿ ಸಾವ್ಕಾರರು ನಿಟ್ಟುಸಿರು ಬಿಡುತ್ತಾರೆ. ಆಂಥೊನಿಯವರು ಬಿಟ್ಟುಹೋದದ್ದು ಈ ನಿಟ್ಟುಸಿರನ್ನು ಮಾತ್ರ.

ಭದ್ರತೆಯ ವಿಷಯದಲ್ಲಿಯೂ ಈ ಸೀಮೆ ಹಿಂದೆ ಬಿದ್ದಿರಲಿಲ್ಲ. ದನದ ಸಂತೆಯಲ್ಲಿ ದಲಾಲ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ಎಷ್ಟೇ ಜನ ನಿಂತಿದ್ದರೂ ಸಂಖ್ಯೆ ಟವೆಲ್ಲಿನಿಂದ ಹೊರಗೆ ಬೀಳುವುದಿಲ್ಲ. ಕೊಳ್ಳುವವನ ಬೆರಳೂ ಮಾರುವವನ ಬೆರಳೂ ಗೊತ್ತಿರುವುದು ನಡುವಿನವನೊಬ್ಬನಿಗೇ. ನಡುವಣ ಅಂತಸ್ತಿನ ಬಲ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಎಂ.ಬಿ.ಎ. ಕಾಲೇಜಿನಲ್ಲಿಯೂ ಸಿಗದು.

ಇನ್ನು ಕಿತ್ತೂರು. ಮೂರಂತಸ್ತಿನ ಆಡಳಿತ ಎಡವಿ ಬಿದ್ದ ಬಗೆಯನ್ನು ಅಭ್ಯಾಸ ಮಾಡುವವರು ಮೊದಲು ಇಲ್ಲಿಗೆ ಬರಬೇಕು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ದತ್ತಕ ತೆಗೆದುಕೊಂಡ ಸಂಗತಿಯ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿತು. ಸಹಿಯ ಮೇಲೆ ಅವನಿಗೆ ಅನುಮಾನ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ದತ್ತಾಂಶದ ದೃಢೀಕರಣ ವಿಫಲವಾಯಿತು. ಕಂಪನಿಯ ಆಡಳಿತವೋ ಚೊಕ್ಕ ತ್ರಿಕೋನ: ತಳದಲ್ಲಿ ಧಾರವಾಡದ ಥ್ಯಾಕರೆ, ನಡುವೆ ಪುಣೆಯ ಕಮಿಷನರ್ ಚಾಪ್ಲಿನ್, ತುದಿಯಲ್ಲಿ ಮುಂಬೈಯ ಗವರ್ನರ್ ಎಲ್ಫಿನ್‌ಸ್ಟನ್. ರಾಣಿ ಚೆನ್ನಮ್ಮ ಮೇಲಿನ ಇಬ್ಬರಿಗೂ ಬರೆದರು. ಇಷ್ಟರಲ್ಲಿ ತಳದ ಅಂತಸ್ತಿನವನು ಖಜಾನೆಗೆ ಕಾವಲು ಹಾಕಿ, ಅಕ್ಟೋಬರ್ 23ರಂದು ಕೋಟೆಯ ಬಾಗಿಲಿಗೆ ಬಂದು ನಿಂತ. ಅಂದು ಅವನ ವರದಿ ಬರೆಯಲು ಅವನೇ ಉಳಿಯಲಿಲ್ಲ. ರಾಣಿಯ ಪತ್ರಕ್ಕೆ ಮೇಲಿನಿಂದ ಉತ್ತರವೆಂದು ಬಂದದ್ದು ಡಿಸೆಂಬರಿನಲ್ಲಿ, ಫೌಜಿನ ರೂಪದಲ್ಲಿ, ಚಾಪ್ಲಿನ್ ಸಮೇತ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದ ರಾಣಿ 1829ರಲ್ಲಿ ಅಲ್ಲಿಯೇ ತೀರಿಕೊಂಡರು. ಅರ್ಜಿ ಮೇಲೇರುವ ವೇಗಕ್ಕೂ ದಂಡು ಕೆಳಗಿಳಿಯುವ ವೇಗಕ್ಕೂ ಇರುವ ಅಂತರವನ್ನು ಅಳೆಯುವ ಮಾಪನ ಇನ್ನೂ ಸಿದ್ಧವಾಗಬೇಕಿದೆ.

ಸವದತ್ತಿಯಲ್ಲಿ ದೂರದ ಯೋಚನೆಗೆ ಸಾಫ್ಟ್‌ವೇರ್ ಬೇಕಾಗಿಯೇ ಇಲ್ಲ, ಪಂಚಾಂಗ ಸಾಕು. ಯಲ್ಲಮ್ಮನ ಗುಡ್ಡದಲ್ಲಿ ಕಾಯಿ, ಕುಂಕುಮ, ಭಂಡಾರ, ಬಳೆ ಮಾರುವವರು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು ನೋಡಿಯೇ ಮಾಲು ತರಿಸುತ್ತಾರೆ. ಮುನ್ಸೂಚನೆ ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ಯಾತ್ರಿಕರ ಕಿಸೆಯಲ್ಲಿ ಎಷ್ಟಿದೆ ಎಂದು ಪಂಚಾಂಗ ಹೇಳದು. ಅದಕ್ಕೆ ಇನ್ನೊಂದು ಯಂತ್ರವಿದೆ: ನವಿಲುತೀರ್ಥದ ಅಣೆಕಟ್ಟು. ರೇಣುಕಾ ಸಾಗರದ ಗರಿಷ್ಠ ಮಟ್ಟ 2079.50 ಅಡಿ. ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟದ ಚೌಕವನ್ನು ಎಂಜಿನಿಯರ್ ನೀರೆಂದು ಓದಿದರೆ, ರಾಮದುರ್ಗದ ಗೊಬ್ಬರದ ಅಂಗಡಿಯವನು ಅದನ್ನೇ ಈ ಸಲ ಎಷ್ಟು ಉದ್ರಿ ಕೊಡಬಹುದು ಎಂದು ಓದುತ್ತಾನೆ. ಒಂದೇ ಅಂಕಿಗೆ ಎರಡು ಅಂತಸ್ತು.

ಇಲ್ಲಿ ಪ್ರಬಂಧದ ಮುಖ್ಯ ಪ್ರಮೇಯ. ಮಾಹಿತಿ ಹತ್ತಿಯ ಹಾಗೆ; ಹೊಲದಲ್ಲಿ ಹಸಿಯಾಗಿ ತೂಗುತ್ತದೆ, ಮೇಲೆ ಮೇಲೆ ಹೋದಂತೆ ಒಣಗಿ ಹಗುರಾಗುತ್ತದೆ. ಹಮಾಲನಿಗೆ ಚೀಲದ ಒಳಗಿನ ತೇವವೂ ಗೊತ್ತು. ಗುಮಾಸ್ತನಿಗೆ ಚೀಲಗಳ ಲೆಕ್ಕ ಗೊತ್ತು. ಮಾರುಕಟ್ಟೆ ಸಮಿತಿಗೆ ತಿಂಗಳ ಆವಕ ಗೊತ್ತು. ಬೆಂಗಳೂರಿಗೆ ಒಂದು ಬಣ್ಣದ ನಕ್ಷೆ ಗೊತ್ತು. ತ್ರಿಕೋನ ಬರೆದವರೆಲ್ಲ ಮರೆತದ್ದು, ಅದರ ತಳದ ಗೆರೆಯ ಕೆಳಗೆ ಮಣ್ಣಿನಲ್ಲಿ ಒಬ್ಬ ನಿಂತಿದ್ದಾನೆ ಎಂಬುದನ್ನು. ಮಾಲೂ ಅವನದು, ಮಾಹಿತಿಯೂ ಅವನದು, ಅವನಿಗೆ ಅಂತಸ್ತು ಮಾತ್ರ ಇಲ್ಲ.

“ಸಾವ್ಕಾರ್ರ, ನಮ್ಮ ಮಾಲಿಗೆ ರೇಟ್ ಏನ್ ಬಿತ್ರೀ?”

“ಪಟ್ಟಿ ಆಗ್ಲಿ ತಡೀರಿ ಗೌಡ್ರ, ಚಾ ಕುಡೀರಿ.”

ಚಹಾಕ್ಕೂ ಪಟ್ಟಿಗೂ ನಡುವಿನ ಈ ಹೊತ್ತಿಗೇ ಕೈಹಾಕಿದ್ದು 2014ರ ಏಕೀಕೃತ ಮಾರುಕಟ್ಟೆ ವ್ಯವಸ್ಥೆ. ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಕೂಡಿ ಕಟ್ಟಿದ ಸಂಸ್ಥೆಯೊಂದು ಎಪಿಎಂಸಿಗಳಿಗೆ ಕಂಪ್ಯೂಟರ್ ಟೆಂಡರ್ ತಂದಿತು. ಗೇಟಿನಲ್ಲಿಯೇ ಮಾಲಿಗೆ ಲಾಟ್ ನಂಬರ್. ಖರೀದಿದಾರರು ಗೊತ್ತಾದ ಹೊತ್ತಿನೊಳಗೆ ದರ ತುಂಬಬೇಕು. ಹೆಚ್ಚು ಬರೆದವನನ್ನು ಯಂತ್ರವೇ ಆರಿಸುತ್ತದೆ. ದರ ರೈತನ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಒಲ್ಲೆ ಎನ್ನುವ ಹಕ್ಕು ಅವನಿಗಿದೆ. ಕೇಂದ್ರದ ಇ-ನಾಮ್ ಬಂದದ್ದು ಎರಡು ವರ್ಷ ತಡವಾಗಿ, 2016ರ ಏಪ್ರಿಲ್ 14ಕ್ಕೆ. ಮೇಲಿನವರಿಗೆ ವರದಿ ಕೊಡುವ ವ್ಯವಸ್ಥೆಗಳು ಎಷ್ಟೋ ಬಂದು ಹೋಗಿವೆ. ಇದರ ಹೆಚ್ಚುಗಾರಿಕೆ ಆ ಬಡ ಎಸ್‌ಎಂಎಸ್ಸಿನಲ್ಲಿದೆ. ಟವೆಲ್ ತೆಗೆದಂತಾಯಿತು. ಆದರೂ ಮೊದಲೇ ಮುಂಗಡ ಕೊಟ್ಟ ದಲಾಲನ ಅಂಗಡಿಗೇ ಮಾಲು ಹೋಗುತ್ತದೆ. ಸಾಲದ ನೆನಪನ್ನು ಅಳಿಸುವ ತಂತ್ರಾಂಶವನ್ನು ಯಾರೂ ಬರೆದಿಲ್ಲ.

ಕಬ್ಬಿನಲ್ಲಿ ಇದೇ ಶಾಸ್ತ್ರ ಪರಾಕಾಷ್ಠೆಗೆ ಮುಟ್ಟುತ್ತದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಿಂದ ಹಿಡಿದು ಈ ಭಾಗದ ಎಲ್ಲ ಕಾರ್ಖಾನೆಗಳಿಗೂ ಅಂತಸ್ತುಗಳು ಅವೇ: ನಾಟಿ ಬರೆದುಕೊಳ್ಳುವ ಫೀಲ್ಡ್‌ಮನ್, ಟೋಳಿ ಕಳಿಸುವ ಮುಕಾದಮ, ತೂಕದ ಕಟ್ಟೆಯ ಕಾರಕೂನ, ಕಬ್ಬು ವಿಭಾಗದ ಅಧಿಕಾರಿ, ಮೇಲೆ ಆಡಳಿತ ಮಂಡಳಿ. ಟ್ರ್ಯಾಕ್ಟರ್ ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ರೈತನ ಕಬ್ಬು. ಇಷ್ಟು ಅವನಿಗೂ ಗೊತ್ತಾಗುತ್ತದೆ. ದರ ನಿಲ್ಲುವುದು ಮಾತ್ರ ಸಕ್ಕರೆ ಇಳುವರಿಯ ಮೇಲೆ. 2025-26ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ದರ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ನೂರು ಟನ್ ಕಳಿಸಿದವನಿಗೆ ಒಂದು ದಶಾಂಶದ ಬೆಲೆ 3,460 ರೂಪಾಯಿ. ಆ ದಶಾಂಶ ಹುಟ್ಟುವುದು ಕಾರ್ಖಾನೆಯ ಲೆಕ್ಕದಲ್ಲಿ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದೇಶದ ದಿನಕ್ಕೂ ರೈತನ ಕ್ಯಾಲೆಂಡರಿನ ದಿನಕ್ಕೂ ಇರುವ ಸಂಬಂಧ ಖಗೋಳ ವಿಜ್ಞಾನಿಗಳಿಗೆ ಬಿಟ್ಟದ್ದು.

ಅಂತಸ್ತಿಲ್ಲದವನ ಮಾಹಿತಿ ತುದಿಗೆ ತಲುಪುವ ದಾರಿಯನ್ನು ಶಾಸ್ತ್ರಗ್ರಂಥಗಳು ಹೇಳಿಲ್ಲ. ಬೆಳಗಾವಿ ಜಿಲ್ಲೆಯ ರೈತರು 2025ರ ನವೆಂಬರಿನಲ್ಲಿ ಅದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಗೆ ಕುಳಿತರು. ಫೀಲ್ಡ್‌ಮನ್, ಕಾರಕೂನ, ಅಧಿಕಾರಿ, ಮಂಡಳಿ ಎಲ್ಲರನ್ನೂ ಹಾಯ್ದು ಮಾಹಿತಿ ನೇರವಾಗಿ ಮುಖ್ಯಮಂತ್ರಿಯ ಮೇಜಿಗೆ ಬಂತು. ಸಭೆ ಸೇರಿತು, ಕಟಾವು-ಸಾಗಣೆಯ ಖರ್ಚು ಬಿಟ್ಟು ಟನ್‌ಗೆ 3,300 ರೂಪಾಯಿ ಎಂದಾಯಿತು. ಅದರಲ್ಲಿ 3,250 ಕಾರ್ಖಾನೆಯದು, ಉಳಿದ 50 ಸರ್ಕಾರದ್ದು.