ಕರೀ ಅಂಗಿ

ಏಪ್ರಿಲ್ ಬಿಸಿಲಿಗೆ ಇಳಕಲ್ ಬಜಾರದ ನಾಯಿಗಳು ಗಟಾರ ಹಿಡಿದು ಮಲಗಿರುವಾಗ, ಸೀರೆ ಅಂಗಡಿಯ ಗಾದಿಯ ಮೇಲೆ ಕರೀ ಟೀ ಶರ್ಟು ತೊಟ್ಟು ಕೂತವನು ಕಂಡರೆ ಅವನೇ ಇವನು. ಊರವರು ಇವನಿಗಿಟ್ಟ ಹೆಸರೂ ಕರೀ ಅಂಗಿ. ಎದೆಯ ಮೇಲೆ ಜಾಲಿಕಂಟಿಯನ್ನು ಬೇರು ಸಮೇತ ಕಿತ್ತು ಒಗೆದಂಥ ಚಿತ್ರ.

“ಅಂಗಿ ಮ್ಯಾಲೆ ಎಂಥಾ ಕಂಟಿನೋ ಅದು?”

“ಕಂಟಿ ಅಲ್ಲಬೇ, ಬ್ಯಾಂಡಿನ ಹೆಸರು.”

ಅವ್ವನ ತಕರಾರು ಕಂಟಿಯದಲ್ಲ, ಬಣ್ಣದ್ದು. “ಸಂಕ್ರಾಂತಿಗೆ ಚಂದ್ರಕಾಳಿ ಉಟ್ಟರ ಚಂದ. ನೀ ವರ್ಷಪೂರ್ತಿ ಕರೀದು ಹಾಕ್ಕೊಂಡು ಕುಂತ್ರ ಲಗ್ನದ ಸೀರಿ ಯಾರು ತಗೋತಾರ?”

ಇವನಿಗೆ ಹಿಡಿದ ಗೀಳು ಡೆತ್ ಮೆಟಲ್ ಸಂಗೀತ. ಅದೂ ಹಳೇದೇ ಆಗಬೇಕು. ಮನ್ಸೂರರ ನಂತರ ಜೈಪುರ ಘರಾಣೆ ಮುಗೀತು ಎಂದು ನಶ್ಯ ಏರಿಸುವ ಹಿರಿಯರು ಧಾರವಾಡದ ಕಡೆ ಸಿಗುತ್ತಾರಲ್ಲ, ಇವನು ಅವರ ಖಾಸಾ ತಮ್ಮ. ಇವನದು ಟ್ಯಾಂಪಾ ಘರಾಣೆ. ಫ್ಲಾರಿಡಾದ ಚಕ್ ಶುಲ್ಡಿನರ್ 1987ರಲ್ಲಿ ‘ಸ್ಕ್ರೀಮ್ ಬ್ಲಡಿ ಗೋರ್’ ಆಲ್ಬಮ್ ತಂದಲ್ಲಿಂದ ಇವನ ಶಕೆ ಶುರು. ಸ್ಟಾಕ್‌ಹೋಮ್ ಘರಾಣೆಗೂ ಮರ್ಯಾದೆ ಉಂಟು. ಅಲ್ಲಿಯ ಗಿಟಾರು ಗರಗಸದ ಹಾಗೆ ಕೊಯ್ಯುತ್ತದಂತೆ. 1995ರಲ್ಲಿ ಹಾಡುಗಾರ ಕ್ರಿಸ್ ಬಾರ್ನ್ಸ್ ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡು ಬಿಟ್ಟ ಸುದ್ದಿ ತೆಗೆದರೆ ಅಣ್ತಮ್ಮಂದಿರು ಪಾಲಾದ ಮನೆಯವರಂತೆ ಮುಖ ಮಾಡುತ್ತಾನೆ. ಆಗ ಇವನಿನ್ನೂ ಹುಟ್ಟಿರಲಿಲ್ಲ. ದುಃಖಕ್ಕೇನು ಅದರಿಂದ ಕಮ್ಮಿಯಿಲ್ಲ. “ಈಗಿನವರದು ಫಿಲ್ಟರ್ ನೀರು. ಹಾಡಿನ್ಯಾಗ ರಾಡಿ ಇರಬೇಕ್ರಿ!”

ಕ್ಯಾನಿಬಲ್ ಕಾರ್ಪ್ಸ್ ಆಲ್ಬಮ್‌ಗಳ ಮುಖಪುಟ ಬರೆದವನು ವಿನ್ಸೆಂಟ್ ಲಾಕ್. ಹೆಣ, ಕರುಳು, ಕತ್ತಿ, ಎಲ್ಲವನ್ನೂ ನಿಗಾ ಮಾಡಿ ಬಿಡಿಸಿದ್ದಾನೆ. ಒಮ್ಮೆ ಹುನಗುಂದದ ಅಕ್ಕ ಒಬ್ಬರಿಗೆ ಸೆರಗಿನ ಫೋಟೊ ತೋರಿಸಲು ಮೊಬೈಲು ತೆಗೆದರೆ ಮೊದಲು ಬಂದದ್ದು ಇವನ ಕರುಳು. ಅಕ್ಕ ಕನ್ನಡಕ ಏರಿಸಿ ನೋಡಿ, “ಡಿಸೈನ್ ತಿಳೀವಲ್ದು, ಕೆಂಪು ಚಲೋ ಐತಿ. ಗಿರಿಕುಂಕುಮದಾಗ ಇಂಥಾದ್ದು ತೆಗಿ” ಎಂದರು.

ಬೆಂಗಳೂರಿನ ಗೆಳೆಯರು ಬಂದರೆ ಬಾದಾಮಿಯ ಒಂದನೇ ಗುಹೆಗೆ ಎಳೆದೊಯ್ಯುತ್ತಾನೆ. ಅರ್ಧನಾರೀಶ್ವರನ ಪಕ್ಕ ಬರೀ ಎಲುಬಾಗಿ ನಿಂತ ಭೃಂಗಿಯನ್ನು ತೋರಿಸಿ, “ಟ್ಯಾಂಪಾದವರಿಗಿಂತ ಸಾವಿರದ ನಾಕ್ನೂರು ವರ್ಷ ಮೊದಲಿನ ಕವರು” ಎನ್ನುತ್ತಾನೆ. ಈ ಒಂದು ಮಾತಿಗೆ ನಾನೂ ತಲೆದೂಗುತ್ತೇನೆ.

ಹೋದ ಸಲ ವೀರಭದ್ರನ ಜಾತ್ರೆಯಲ್ಲಿ ಇವನ ಪಕ್ಕದಲ್ಲೇ ನಿಂತಿದ್ದೆ. ಪುರವಂತ ಖಡ್ಗ ಝಳಪಿಸುತ್ತ ದಕ್ಷನ ಯಜ್ಞ ಕೆಡಿಸಿದ ಒಡಪು ಶುರುಮಾಡಿದ. ಸಂಬಾಳದ ಬಡಿತ, ಆ ಗುಡುಗು. ಕರೀ ಅಂಗಿಯ ತಲೆ ತಾನಾಗಿ ಮೇಲೆ ಕೆಳಗೆ ಆಡತೊಡಗಿತು. ಪುರವಂತ ಗಲ್ಲಕ್ಕೆ ವಿಭೂತಿ ಒತ್ತಿ ಶಸ್ತ್ರ ಕೈಗೆತ್ತಿಕೊಂಡ. ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ನಮ್ಮವನು ಬಳೆ ಅಂಗಡಿಯ ಮುಂದೆ ನಿಂತು ಡಜನ್ನಿಗೆ ಎಷ್ಟು ಎಂದು ಕೇಳುತ್ತಿದ್ದ.

ಎಲ್ಲ ಮುಗಿದು ಪುರವಂತ ಚಹಾ ಕುಡಿಯುವಾಗ ಮೆಲ್ಲಗೆ ಹೋಗಿ ಕೂತ. “ದನಿ ಹೆಂಗ ತೆಗಿತೀರಿ, ಯಜಮಾನ್ರ?”

“ಹೊಟ್ಟಿಲಿಂದ ತೆಗೀಬೇಕಪಾ. ಗಂಟಲದಾಗ ಒದರಿದ್ರ ಎರಡ ದಿನಕ್ಕ ಬಿದ್ದ ಹೋಕ್ಕೈತಿ.”

ಇವನು ಖುಷಿಯಿಂದ ಮೊಬೈಲು ತೆಗೆದು ಬಾರ್ನ್ಸ್‌ನನ್ನು ಕೇಳಿಸಿದ. ಪುರವಂತ ಕಪ್ಪು ಕೆಳಗಿಟ್ಟು, ಕಣ್ಣು ಮುಚ್ಚಿ, ಪೂರಾ ಕೇಳಿದ.

“ದನಿ ಐತಿ. ಆದ್ರ ಮಾತು ಒಂದೂ ತಿಳೀವಲ್ದು. ಕಡೀಕ ದಕ್ಷನ ತಲಿ ಹಾರಿತೋ ಇಲ್ಲೋ?”

“ಹಾರೈತ್ರೀ” ಎಂದ ಕರೀ ಅಂಗಿ.