ಮಿಸ್ಟ್ರೆಸ್ ಮುತ್ತಜ್ಜಿಯ ಸಂಸಾರ

ಫ್ರೆಂಚ್ ಕುಲದಲ್ಲಿ ಹುಟ್ಟಿ, ನಾರ್ಮನ್ನರ ತರುವಾಯ ಇಂಗ್ಲಿಷಿಗೆ ಸೊಸೆಯಾಗಿ ಬಂದು, ಶತಮಾನಗಳ ಕಾಲ ಮಾನ್ಯಸ್ತ್ರೀಯರ ಹೆಸರಿನ ಮುಂದೆ ನಡೆದು, ಈಗ ವಿವಾಹಿತ ಪುರುಷನ ಗುಪ್ತಪ್ರಣಯಿನಿ ಎಂಬ ಅಪವಾದವನ್ನು ಹೊತ್ತು ನಿಘಂಟಿನೊಳಗೆ ಕಾಲ ಕಳೆಯುತ್ತಿರುವ 'ಮಿಸ್ಟ್ರೆಸ್' ಎಂಬ ವೃದ್ಧ ಶಬ್ದವನ್ನು ನಾನು ಕಂಡು ಮಾತನಾಡಿಸಿದೆನು.

ನಾನು: ಅಮ್ಮಾ, ತಾವು ವಿವಾಹಿತರೋ ಅವಿವಾಹಿತರೋ?

ಮಿಸ್ಟ್ರೆಸ್: ಕುಳಿತುಕೊಳ್ಳುವ ಮೊದಲೇ ಅದನ್ನೇ ಕೇಳಿದಿರಿ! ನನ್ನ ಯೌವನದಲ್ಲಿ, ಮನೆಯನ್ನೋ ಆಳುಕಾಳುಗಳನ್ನೋ ಅಂಗಡಿಯನ್ನೋ ಆಳುತ್ತಿದ್ದ ಹೆಂಗಸಿಗೆ ನಾನು ಬಿರುದಾಗಿದ್ದೆನೇ ಹೊರತು, ಅವಳ ಕೈಹಿಡಿದವನುಂಟೆ ಎಂಬುದು ನನ್ನ ಅಧಿಕಾರದೊಳಗಿನ ವಿಷಯವೇ ಆಗಿರಲಿಲ್ಲ. ಜಾನ್ಸನ್ ಪಂಡಿತನು 1755ರಲ್ಲಿ ತನ್ನ ಮಹಾನಿಘಂಟನ್ನು ಅಚ್ಚುಹಾಕಿಸಿದಾಗ ನನಗೆ ಒಡತಿ, ಉಪಾಧ್ಯಾಯಿನಿ, ಪ್ರೇಯಸಿ ಎಂದೆಲ್ಲ ಅರ್ಥ ಕೊಟ್ಟು, ಉಪಪತ್ನಿ ಎಂಬುದನ್ನೂ ಸೇರಿಸಿದನು. ಮದುವೆಯಾದವಳು ಎಂದು ಮಾತ್ರ ಬರೆಯಲಿಲ್ಲ. ನನ್ನ ಹಿರಿಯ ಮಗಳು ಮಿಸೆಸ್ ನನ್ನದೇ ಸಂಕ್ಷಿಪ್ತ ರೂಪ. ದೊಡ್ಡ ಬಂಗಲೆಗಳ ಅಡುಗೆಯವಳು ಕನ್ನೆಯಾಗಿಯೇ ಮುಪ್ಪಾದರೂ ಅವಳನ್ನು ಮಿಸೆಸ್ ಎಂದೇ ಕರೆಯುತ್ತಿದ್ದರು.

ನಾನು: ಎರಡನೆಯವರು, ಮಿಸ್?

ಮಿಸ್ಟ್ರೆಸ್: ಅವಳ ಬಾಲ್ಯವನ್ನು ಕೆದಕಬೇಡಿ. 1662ರಲ್ಲಿ ಈವ್ಲಿನ್ ಎಂಬ ಇಂಗ್ಲಿಷ್ ಲೇಖಕನು ತನ್ನ ದಿನಚರಿಯಲ್ಲಿ, ನಡತೆಗೆಟ್ಟವರನ್ನು ಹೀಗೆ ಕರೆಯುವ ರೂಢಿ ಈಗ ಹುಟ್ಟಿದೆಯೆಂದು ಬರೆದಿಟ್ಟಿದ್ದಾನೆ. ಆಮೇಲೆ ಅವಳು ಎಷ್ಟು ಮಡಿವಂತಳಾದಳೆಂದರೆ, ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಬೆನೆಟ್ ಮನೆಯ ಐವರು ಹೆಣ್ಣುಮಕ್ಕಳ ಪೈಕಿ ಹಿರಿಯಳೊಬ್ಬಳೇ 'ಮಿಸ್ ಬೆನೆಟ್'. ಎರಡನೆಯವಳು 'ಮಿಸ್ ಎಲಿಜಬೆತ್'. ಅಕ್ಕನಿಗೆ ಮದುವೆಯಾದ ಹೊರತು ತಂಗಿಗೆ ತಂದೆಯ ಮನೆತನದ ಹೆಸರೊಂದೇ ಸಾಲುವ ಪದವಿಯಿಲ್ಲ.

(ನಮ್ಮಲ್ಲಿ ಪಟ್ಟಾಭಿಷೇಕಕ್ಕೆ ಇಂಥ ಕ್ರಮವನ್ನು ಕೇಳಿದ್ದೆನು; ವರಾನ್ವೇಷಣೆಯ ಚಾವಡಿಯಲ್ಲಿಯೂ ಇದುಂಟೆಂದು ತಿಳಿದಿರಲಿಲ್ಲ.)

ನಾನು: ಪುರುಷರ ಪಾಡೇನು?

ಮಿಸ್ಟ್ರೆಸ್: ಮಾಸ್ಟರ್ ವಂಶದ ಮಿಸ್ಟರ್ ಮಹಾಶಯನು ಬ್ರಹ್ಮಚಾರಿಯಾಗಿದ್ದಾಗಲೂ ಮಿಸ್ಟರ್, ವಿಧುರನಾದಾಗಲೂ ಮಿಸ್ಟರ್. ಅವನ ಹೆಂಡತಿಯಾದರೋ ಮದುವೆಯ ಮರುದಿನವೇ 'ಮಿಸೆಸ್ ಜಾನ್ ಸ್ಮಿತ್' ಆಗಿ, ತನ್ನ ಹೆಸರಿನ ಒಂದಕ್ಷರವೂ ಉಳಿಯದಂತೆ ಲಕೋಟೆಯ ಮೇಲಿನಿಂದ ಮಾಯವಾಗುತ್ತಿದ್ದಳು.

ನಾನು: ಅದಕ್ಕಾಗಿಯೇ ಮೂರನೆಯ ಮಗಳು ಹುಟ್ಟಿದಳೆನ್ನಿ.

ಮಿಸ್ಟ್ರೆಸ್: ದುಂಬಿಯಂತೆ ಝೇಂಕರಿಸುವ ಆ ಮಿಜ್ ಎಂಬವಳನ್ನು 1901ರಲ್ಲಿಯೇ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಪತ್ರಿಕೆಯೊಂದು ಲೋಕಕ್ಕೆ ಸೂಚಿಸಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. 1961ರಲ್ಲಿ ಶೀಲಾ ಮೈಕೆಲ್ಸ್ ಎಂಬ ಮಹಿಳೆ ಅಂಚೆಯ ವಿಳಾಸಚೀಟಿಯ ಮೇಲೆ ಅವಳನ್ನು ಕಂಡು ಕೈಹಿಡಿದು ನಡೆಸಿದಳು. ಆದರೂ ನ್ಯೂಯಾರ್ಕ್ ಟೈಮ್ಸಿನ ಹಿರಿಯರು ಬಾಗಿಲು ತೆಗೆಯಲೊಲ್ಲರು. 1984ರಲ್ಲಿ ಜೆರಾಲ್ಡೀನ್ ಫೆರಾರೋ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಪಂಡಿತರಿಗೆ ಧರ್ಮಸಂಕಟ: ಗಂಡನ ಮನೆತನ ಝಕಾರೋ, ಫೆರಾರೋ ತಂದೆಯದು, ಮದುವೆಯಾದುದರಿಂದ ಮಿಸ್ ಎನ್ನುವಂತಿಲ್ಲ, ಮಿಜ್ ಎನ್ನಲು ನಿಯಮವಿಲ್ಲ. ಕಡೆಗೆ 'ಮಿಸೆಸ್ ಫೆರಾರೋ' ಎಂದೇ ಅಚ್ಚಾಯಿತು. ಲೆಕ್ಕ ಹಾಕಿ ನೋಡಿ, ಅದು ಆಕೆಯ ತಾಯಿಯ ಹೆಸರು! ಚುನಾವಣೆಗೆ ಮಗಳು ನಿಂತಳು, ಪತ್ರಿಕೆಯಲ್ಲಿ ತಾಯಿ ಕಾಣಿಸಿಕೊಂಡಳು. 1986ರಲ್ಲಿ ಬಾಗಿಲು ತೆರೆಯಿತು.

ನಾನು: ನೆರೆಮನೆಯ ಮೇಡಂ ಕ್ಷೇಮವೆ?

ಮಿಸ್ಟ್ರೆಸ್: ಅವಳಿಗೇನು, 'ನನ್ನ ಒಡತಿ' ಎಂಬ ಹುಟ್ಟುಹೆಸರಿನವಳು! ರಾಣಿಯ ಮುಂದೆ ಕುಗ್ಗಿ 'ಮ್ಯಾಮ್' ಆಗುತ್ತಾಳೆ. ಅದೇ ಊರಿನ ವೇಶ್ಯಾಗೃಹದ ಯಜಮಾನಿಯೂ ಮೇಡಮ್ಮೇ. ನಿಮ್ಮ ಕಡೆಗೂ ನಮ್ಮವರು ಬಂದಿದ್ದಾರಂತಲ್ಲ?

ನಾನು: ಸುಖವಾಗಿದ್ದಾರೆ. ಕನ್ನಡನಾಡಿನ ಕಾನ್ವೆಂಟುಗಳಲ್ಲಿ ಮೊಮ್ಮಕ್ಕಳನ್ನು ಕಂಡ ಉಪಾಧ್ಯಾಯಿನಿಯೂ ಮಿಸ್ಸೇ. ಕಚೇರಿಯಲ್ಲಿ ಮೇಡಂ, ಭಕ್ತಿ ಹೆಚ್ಚಾದರೆ ಮೇಡಮ್ಮೋರು. ಮಿಸೆಸ್ ಮಾತ್ರ ಯಾರ ಹೆಸರಿನ ಹಂಗೂ ಇಲ್ಲದೆ ಬಾಳುತ್ತಾಳೆ: 'ನಮ್ಮ ಮಿಸೆಸ್ಸು ತೌರಿಗೆ ಹೋಗಿದ್ದಾರೆ' ಎಂದು ಗೃಹಸ್ಥರು ಹೇಳುವುದುಂಟು.

ಮಿಸ್ಟ್ರೆಸ್: ಹೆಸರು?

ನಾನು: ಯಾರದು?

ಮಿಸ್ಟ್ರೆಸ್: ತೌರಿಗೆ ಹೋದವರದು.

ನಾನು: ಅದನ್ನು ಕೇಳುವುದು ಮರ್ಯಾದೆಯಲ್ಲವೆಂದು ಯಾರೂ ಕೇಳುವುದಿಲ್ಲ, ಅಮ್ಮಾ.